ಹುಳುಮನೆಯ ಕೊನೆಯ ಬಾಗಿಲು

ಅಟ್ಟ ಹತ್ತಿ ಕೂತಿರುವ ಯೋಗಾನಂದನಿಗೆ,

ಫೋನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ, ಅಂಗಳದಲ್ಲಿ ನಿಂತು ಕೂಗಿದರೆ ಓಗೊಡುವುದಿಲ್ಲ. ಹಾಗಾಗಿ ಕಾಗದ. ಕಾಗದಕ್ಕೆ ರಿಂಗಾಗುವ ಅಭ್ಯಾಸವಿಲ್ಲ, ಓದಿದೆಯಾ ಇಲ್ಲವಾ ಎಂದು ನೀಲಿ ಗೆರೆ ತೋರಿಸಿ ಚಾಡಿ ಹೇಳುವ ಚಾಳಿಯೂ ಇಲ್ಲ. ನಿನ್ನ ದೊಡ್ಡಮ್ಮನ ಕೈಗೆ ಕೊಡುತ್ತೇನೆ. ಮುದ್ದೆಯ ತಟ್ಟೆಯ ಜೊತೆಗೆ ಅವರು ಮೇಲಕ್ಕೆ ತರುತ್ತಾರೆ. ನೀನು ಇವತ್ತೇ ಓದಬೇಕೆಂದಿಲ್ಲ. ಈ ಒಂದು ಮಾತು ಬರೆಯುವುದಕ್ಕೆ ನಾನು ಎಷ್ಟು ಒದ್ದಾಡಿದೆ ಎಂದು ನಿನಗೆ ಗೊತ್ತಾಗಬೇಕು. ಮೊದಲು "ಇವತ್ತೇ ಓದು" ಎಂದು ಬರೆದು, ಹೊಡೆದು ಹಾಕಿ, ಹೊಸ ಹಾಳೆ ತೆಗೆದುಕೊಂಡಿದ್ದೇನೆ.

ಕೂತು ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ಎರಡು ಸಾಲು ಬರೆಯುತ್ತೇನೆ, ಎದ್ದು ಮೆಟ್ಟಿಲಿಳಿದು ಅಬ್ಬಾನ ರೀಲಿಂಗ್ ಶೆಡ್ಡಿನೊಳಗೆ ಸುಮ್ಮನೆ ಇಣುಕಿ ಬರುತ್ತೇನೆ, ಮತ್ತೆ ಎರಡು ಸಾಲು. ಕಾಲಿಗೆ ಏನಾದರೂ ಕಚ್ಚಿದೆಯಾ ಎಂದು ಅಮ್ಮಿ ಆಗಲೇ ಕೇಳಿಯಾಯಿತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ನಾನು ಸೀಯಿಸಿದ ಪಾತ್ರೆಗಳಿಗೆ ಲೆಕ್ಕವಿಲ್ಲ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನಗೆ ಕ್ವಾಲಿಟಿ ಸೆಕ್ಷನ್ನಿನ ಕೆಲಸ ಸಿಕ್ಕಿದ್ದೂ ಈ ಗುಣಕ್ಕೇ ಇರಬೇಕು. ಬೆಲ್ಟಿನ ಮೇಲೆ ಬರುವ ಸಾಮಾನನ್ನು ಎತ್ತಿ ನೋಡುವುದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಿಗೆ ಎಸೆಯುವುದು. ಎಸೆಯುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ ಎಂದು ನಮ್ಮ ಸೂಪರ್‌ವೈಸರೇ ಹೇಳುತ್ತಾರೆ.

ಕೆಂಗಲ್ ನೆನಪಿದೆಯಾ? ಚನ್ನಪಟ್ಟಣದಲ್ಲಿ ಇಬ್ಬರೂ ಡಿಪ್ಲೊಮಾ ಓದುತ್ತಿದ್ದ ಕಾಲ. ಪರೀಕ್ಷೆ ಮುಗಿದ ಮಧ್ಯಾಹ್ನ ಆಂಜನೇಯನಿಗೆ ಕೈ ಮುಗಿದು ಬರುತ್ತೇನೆಂದು ನೀನು ಬಸ್ಸಿಳಿದೆ, ಒಬ್ಬಳೇ ಹೋಗಲು ಬೇಜಾರಾಗಿ ನಾನೂ ಇಳಿದೆ. ವಾಪಸು ರಸ್ತೆಗೆ ಬಂದರೆ ರಾಮನಗರದ ಬಸ್ಸೇ ಇಲ್ಲ. ನೀನು ಮರದ ನೆರಳು ನೋಡಿಕೊಂಡು ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. "ಬತ್ತದೆ ಕಣೆ, ಒಸಿ ಕೂತ್ಕೊ" ಎಂದೆ. ನನಗೆ ಎಲ್ಲಿಯ ತಾಳ್ಮೆ? ಮುಂದಿನ ಸ್ಟಾಪಿಗೆ ನಡೆದೇ ಹೋಗುತ್ತೇನೆಂದು ಹೊರಟೆ. ಎರಡು ಸ್ಟಾಪಿನ ನಡುವೆ ನಾನು ಬೆವರು ಒರೆಸಿಕೊಳ್ಳುತ್ತ ನಡೆಯುತ್ತಿದ್ದಾಗ ಬಸ್ಸು ನನ್ನನ್ನು ದಾಟಿ ಹೋಯಿತು, ಕಿಟಕಿಯಲ್ಲಿ ನೀನು ಕೈ ಆಡಿಸುತ್ತಿದ್ದೆ. ಅದನ್ನು ಹೇಳಿ ಹೇಳಿ ನೀನು ನನ್ನ ಜೀವ ತಿಂದದ್ದು ಎಷ್ಟು ವರ್ಷ! ಈಗ ಅದನ್ನು ಹೇಳಿ ರೇಗಿಸುವವರಿಲ್ಲ ಎಂದು ನಾನೇ ನೆನಪು ಮಾಡಿಕೊಳ್ಳುತ್ತಿದ್ದೇನೆ.

ದೊಡ್ಡಮ್ಮ ಇದನ್ನು ಯಾರ ಕೈಲಾದರೂ ಓದಿಸಿಕೊಂಡರೆ ಅವರಿಗೂ ತಿಳಿಯಲಿ ಎಂದು ಮೊದಲಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೇ ಹೇಳಿದರೆ ಬೇಸರ ಮಾಡಿಕೊಳ್ಳಬೇಡ. ನಮ್ಮ ಕಾಲೇಜಿನ ಲ್ಯಾಬಿನಲ್ಲಿದ್ದ ಕಂಪ್ಯೂಟರುಗಳಿಗೆ ವಯಸ್ಸಾಗಿತ್ತು. ಹೊಸ ಆಟ ಯಾವುದೂ ಅವುಗಳ ಮೇಲೆ ಓಡುತ್ತಿರಲಿಲ್ಲ. ಓಡುತ್ತಿದ್ದದ್ದು ಒಂದೇ, ನಾವು ಹುಟ್ಟುವ ಹೊತ್ತಿಗಾಗಲೇ ಹೊರದೇಶದಲ್ಲಿ ಹೆಸರು ಮಾಡಿದ್ದ ಒಂದು ಹಳೆಯ ಆಟ. ಅದರಲ್ಲಿ ಕೋಟೆ, ಸುರಂಗ, ಗಂಟೆಗೋಪುರ ಎಲ್ಲ ಇದ್ದವು. ಆಡುವವಳ ಕಣ್ಣಿಗೆ ಕಾಣುವುದು ತನ್ನದೇ ಕೈ, ಕೈಯಲ್ಲೊಂದು ಮಂತ್ರದ ಕೋಲು, ಎದುರಿಗೆ ರಾಕ್ಷಸರು. ಕೋಲಿನಿಂದ ಬೆಂಕಿ ಹಾರಿಸಬೇಕು, ರಾಕ್ಷಸರನ್ನು ಕೊಂದು ದಾರಿ ಮಾಡಿಕೊಂಡು ಹೋಗಬೇಕು. ಆ ಆಟವನ್ನು ಪ್ರೀತಿಸುವವರು ಲೋಕದ ಮೂಲೆ ಮೂಲೆಯಲ್ಲಿ ಕೂತು ಅದಕ್ಕೆ ತಮ್ಮದೇ ಲೆವೆಲ್ಲುಗಳನ್ನು ಕಟ್ಟಿ ಪುಕ್ಕಟೆ ಹಂಚುತ್ತಿದ್ದರು, ಈಗಲೂ ಹಂಚುತ್ತಾರೆ. ಅಂಥವರಲ್ಲಿ ಮಾಗಡಿ ರಸ್ತೆಯ ಒಳಗಿನ ಊರೊಂದರಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೊತ್ತು ಕಾಲೇಜಿಗೆ ಬರುತ್ತಿದ್ದ ನೀನೂ ಒಬ್ಬ. ಲ್ಯಾಬಿನ ಅಟೆಂಡರ್ ಚಿಕ್ಕಹನುಮಯ್ಯನವರು ಬಾಗಿಲು ಹಾಕಲು ಬಂದು, ಪರದೆಯ ಮೇಲಿನ ರಾಕ್ಷಸನನ್ನು ನೋಡಿ, "ಇದೂ ಸಿಲಬಸ್ಸಲ್ಲಿ ಐತೇನ್ರಪ್ಪ?" ಎನ್ನುತ್ತಿದ್ದರು. ನೀನು ಮುಖದಲ್ಲಿ ನಗು ತೋರಿಸದೆ "ಐತೆ ಸಾರ್, ಇಂಟರ್ನಲ್ಸು" ಎನ್ನುತ್ತಿದ್ದೆ.

ನೀನು ಕಟ್ಟುವವನು, ನಾನು ಆಡಿ ನೋಡಿ ತಪ್ಪು ಹುಡುಕುವವಳು. ಎಲ್ಲಿ ಗೋಡೆ ಸೇರಿಲ್ಲ, ಎಲ್ಲಿ ಮೆಟ್ಟಿಲು ಎತ್ತರವಾಯಿತು, ಎಲ್ಲಿ ರಾಕ್ಷಸ ಕಂಬಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಾನೆ ಎಂದು ಹೇಳುವುದು ನನ್ನ ಕೆಲಸ. ನೀನು ಕಟ್ಟುವ ಕಡತವನ್ನು ನಾನು ತೆರೆದು ನೋಡಬಾರದು ಎಂಬುದು ನಿನ್ನ ಒಂದೇ ಕರಾರು. ಅಡುಗೆಮನೆಗೆ ಬಂದವರಿಗೆ ಊಟ ರುಚಿಸುವುದಿಲ್ಲ ಎನ್ನುತ್ತಿದ್ದೆ. ನಿಮ್ಮದು ರೇಷ್ಮೆಹುಳ ಸಾಕುವ ಮನೆ, ನಮ್ಮದು ಗೂಡು ಬೇಯಿಸಿ ನೂಲು ತೆಗೆಯುವ ಮನೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿಮ್ಮವ್ವ ಸುರಿದ ಗೂಡನ್ನು ನಮ್ಮ ಅಬ್ಬಾ ಕೊಂಡದ್ದೂ ಉಂಟು. "ನಾವ್ ಸಾಕಿದ್ದನ್ನೆಲ್ಲ ನೀವು ಬೇಯಿಸ್ಬುಡ್ತೀರಿ, ನಾನ್ ಸಾಕಿದ್ ರಾಕ್ಷಸರನ್ನೂ ನೀನು ಬಿಡಾಕಿಲ್ಲ" ಎಂದು ನೀನು ರೇಗಿಸುತ್ತಿದ್ದೆ. ನಾನು ಮತ್ತೊಂದು ರಾಕ್ಷಸನನ್ನು ಸುಟ್ಟು ಉತ್ತರ ಕೊಡುತ್ತಿದ್ದೆ.

ನೀನು ಕಟ್ಟಿದ ಮೊದಲನೆಯ ಲೆವೆಲ್ಲು ರಾಮದೇವರ ಬೆಟ್ಟ. ಬಂಡೆಯ ಮೇಲೆ ಬಂಡೆ, ತುದಿಯಲ್ಲಿ ರಣಹದ್ದು. ಇಂಥ ಬೆಟ್ಟ ಕಲ್ಪಿಸಿಕೊಳ್ಳಲು ತಲೆ ಬೇಕು ಎಂದು ಯಾರೋ ಹೊರದೇಶದವನು ಹೊಗಳಿದ್ದ. ಕಿಟಕಿ ತೆಗೆದರೆ ಕಾಣುತ್ತದೆ ಎಂದು ಅವನಿಗೆ ಹೇಳಲು ನೀನು ಬಿಡಲಿಲ್ಲ. ಕೊನೆಯದು ಹುಳುಮನೆ. ಮೇಲಿನಿಂದ ನಕ್ಷೆ ನೋಡಿದರೆ ಸುತ್ತಿಕೊಂಡು ಸುತ್ತಿಕೊಂಡು ನಡುವಿಗೆ ಹೋಗುವ ಒಂದೇ ದಾರಿ. ನಾನು ಜಿಲೇಬಿ ಎಂದೆ. ನಿನಗೆ ಸಿಟ್ಟು ಬಂತು. ನಿಮ್ಮೂರಿನ ಮನೆಮನೆಯ ಮುಂದೆ ಬಿಸಿಲಿಗೆ ಒರಗಿಸಿರುವ ಚಂದ್ರಿಕೆ ಅದು, ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟಿ, ಅದರ ಸುರುಳಿಯೇ ನಿನ್ನ ಕೋಟೆ. ಅದರ ನಾಲ್ಕು ಸುತ್ತಿನಲ್ಲೂ ಕೇಳುವ ಆ ಚರಚರ ಸದ್ದನ್ನು ನೀನು ನಿಮ್ಮ ಹುಳುಮನೆಯಲ್ಲೇ ಮೊಬೈಲು ಹಿಡಿದು ರೆಕಾರ್ಡು ಮಾಡಿದ್ದೆ, ಸಾವಿರಗಟ್ಟಲೆ ಹುಳ ಸೊಪ್ಪು ತಿನ್ನುವ ಸದ್ದು. ಅದೆಂಥ ಭಯಾನಕ ಪ್ರಾಣಿ ಎಂದು ಆಡಿದವರೆಲ್ಲ ಕೇಳಿದರು.

ಆ ಸದ್ದು ಪ್ರತಿ ಸುತ್ತಿನಲ್ಲೂ ಒಂದು ಹಂತದಲ್ಲಿ ನಿಂತುಹೋಗುತ್ತಿತ್ತು. ರಾಕ್ಷಸರೆಲ್ಲ ತಲೆ ಎತ್ತಿಕೊಂಡು, ನಿಂತಲ್ಲೇ ನಿಲ್ಲುತ್ತಿದ್ದರು. ಪರದೆಯ ಮೇಲೆ ನಿನ್ನ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು: ಇವರಿಗೆ ಜ್ವರ ಬಂದಿದೆ, ದಯವಿಟ್ಟು ತೊಂದರೆ ಕೊಡಬೇಡಿ. ಸರ್ಕಾರಿ ಆಸ್ಪತ್ರೆಯ ಬೋರ್ಡಿನಂತಿದೆ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಕ್ಕು, ಕೋಲೆತ್ತಿ ಹೊಡೆದೆ. ಹೊಡೆದ ಸದ್ದಿಗೆ ಎಲ್ಲರೂ ಒಟ್ಟಿಗೆ ಎದ್ದು ಮೈಮೇಲೆ ಬಂದರು. ಮೊದಲ ಮೂರು ಸುತ್ತಿನಲ್ಲಿ ಹೊಡೆದಾಡಿಕೊಂಡಾದರೂ ದಾರಿ ಸಿಗುತ್ತಿತ್ತು. ನಾಲ್ಕನೆಯದರಲ್ಲಿ ಎಲ್ಲರನ್ನೂ ಕೊಂದು ಮುಗಿಸಿದರೂ ನಡುವಿನ ಬಾಗಿಲು ತೆರೆಯಲೇ ಇಲ್ಲ. ಅಲ್ಲಿ ಒತ್ತುವುದಕ್ಕೆ ಗುಂಡಿಯಿಲ್ಲ, ಎಳೆಯುವುದಕ್ಕೆ ಹಿಡಿಯಿಲ್ಲ. ನಾನು ಎಷ್ಟು ಸಲ ಆಡಿದರೂ ಅಷ್ಟೇ. ಇದು ಅರ್ಧಕ್ಕೆ ನಿಂತಿದೆ, ಮುಗಿಸಿ ಕೊಡು ಎಂದೆ. ನೀನು ಕಡಲೆಕಾಯಿ ಸುಲಿಯುತ್ತ ಹೇಳಿದ್ದು ನನಗೆ ಹಾಗೇ ನೆನಪಿದೆ.

"ಅದು ಮುಗಿದೈತೆ ಕಣೆ. ನೀನು ಮುಗ್ಸಿಲ್ಲ, ಅಷ್ಟೆ."

ಆಮೇಲೆ ನೀನು ಬಿಡದಿಗೆ ಹೋದೆ, ನಾನು ಹಾರೋಹಳ್ಳಿಗೆ. ನಿನ್ನದು ಶಿಫ್ಟು, ನನ್ನದೂ ಶಿಫ್ಟು. ಹುಳುಮನೆ ಇಂಟರ್ನೆಟ್ಟಿನ ಯಾವುದೋ ಮೂಲೆಯಲ್ಲಿ, ಕೊನೆಯ ಬಾಗಿಲು ಕೆಟ್ಟಿದೆ ಎಂಬ ಹಣೆಪಟ್ಟಿ ಹೊತ್ತು ಬಿದ್ದಿತ್ತು. ನೀನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ನನಗೇ ಕೊಡದವನು ಅವರಿಗೇನು ಕೊಡುತ್ತೀಯ.

ನಿಮ್ಮವ್ವನ ಬಗ್ಗೆ ಬರೆಯದೆ ಮುಂದಕ್ಕೆ ಹೋಗಲಾರೆ, ಬರೆಯಲೂ ಕೈ ಬರುತ್ತಿಲ್ಲ. ಸಿದ್ದಮ್ಮನವರನ್ನು ನಾನು ಮೊದಲು ನೋಡಿದ ದಿನ ಅವರು ನನ್ನನ್ನು ಹುಳುಮನೆಯ ಹೊಸ್ತಿಲಾಚೆಯೇ ನಿಲ್ಲಿಸಿದ್ದರು. ಮೊದಲ ಸಲ ನಿಮ್ಮ ಮನೆಗೆ ಹೋಗುತ್ತಿದ್ದೇನೆಂದು ಅಮ್ಮಿಯ ಅತ್ತರು ಕದ್ದು ಧಾರಾಳವಾಗಿ ಬಳಿದುಕೊಂಡಿದ್ದೆ. "ಮುನಿಸ್ಕೊಬ್ಯಾಡ ಮಗ, ಸೆಂಟಿನ ವಾಸ್ನೆ ಹುಳ ತಡ್ಕೊಳಾಕಿಲ್ಲ" ಎಂದು ಜಗಲಿಯ ಮೇಲೆ ಕೂರಿಸಿ, ಒಳಗಿಂದ ಹುರಿಗಡಲೆ ಬೆಲ್ಲ ತಂದು ಮಡಿಲಿಗೆ ಸುರಿದರು. ಕಾಲಿಲ್ಲದ ಹುಳಕ್ಕೆ ಇಷ್ಟು ಮರ್ಯಾದೆಯಾ ಎಂದು ನಾನು ನಿನ್ನ ಕಿವಿಯಲ್ಲಿ ಕೇಳಿದೆ. ಅವಕ್ಕೆ ಕಾಲಿವೆ, ನೀನು ನೋಡಿಲ್ಲ ಎಂದೆ. ನಾನು ನೋಡಿದ್ದು ಗೂಡು ಮಾತ್ರ. ಸಿದ್ದಮ್ಮನ ಗೂಡು ಬಂದರೆ ಅಬ್ಬಾ ಮುಖ ಅರಳಿಸುತ್ತಿದ್ದರು, ಆ ನೂಲು ನಡುವೆ ಕಡಿಯುವುದಿಲ್ಲ ಎನ್ನುತ್ತಿದ್ದರು. ನಿಮ್ಮವ್ವ ಹೋದ ಸುದ್ದಿ ಬಂದ ದಿನ ಅಬ್ಬಾ ಶೆಡ್ಡಿನ ರಾಟೆ ನಿಲ್ಲಿಸಿದರು. ಅಸದುಲ್ಲಾ ಸಾಬರು ಕೆಲಸದ ಹೊತ್ತಿನಲ್ಲಿ ರಾಟೆ ನಿಲ್ಲಿಸಿದ್ದನ್ನು ನಾನು ಮೊದಲು ಕಂಡದ್ದು ಅವತ್ತೇ.

ನೀನು ಶಿಫ್ಟಿನಲ್ಲಿದ್ದೆ. ಫೋನು ಒಳಗೆ ಒಯ್ಯುವಂತಿಲ್ಲ, ಲಾಕರಿನಲ್ಲಿತ್ತು. ಎದೆ ಹಿಡಿದುಕೊಂಡು ಕೂತ ಅವ್ವ ಮತ್ತೆ ಏಳಲಿಲ್ಲ. ನೀನು ಲಾಕರು ತೆಗೆಯುವ ಹೊತ್ತಿಗೆ ಫೋನಿನ ತುಂಬ ತಪ್ಪಿದ ಕರೆಗಳು. ಆವತ್ತಿಂದ ನೀನು ಫೋನು ಮುಟ್ಟಿಲ್ಲ, ಕೆಲಸಕ್ಕೆ ಹೋಗಿಲ್ಲ, ಹುಳುಮನೆಯ ಮೇಲಿನ ಅಟ್ಟ ಹತ್ತಿದವನು ಯಾರ ಜೊತೆಗೂ ಮಾತಾಡಿಲ್ಲ. ಮಣ್ಣಿಗೆ ಬಂದಾಗ ನಾನು ಎದುರಿಗೆ ನಿಂತಿದ್ದೆ, ನೀನು ನನ್ನನ್ನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ನಿನ್ನನ್ನು ಕಳೆದುಕೊಂಡುಬಿಡುತ್ತೇನೆ ಎಂಬ ಭಯ ಅವತ್ತು ಹೊಕ್ಕದ್ದು ಇನ್ನೂ ಬಿಟ್ಟಿಲ್ಲ. ಭಯವಾದಾಗ ಬೇರೆಯವರು ಅಳುತ್ತಾರೆ, ನಾನು ಬಾಗಿಲು ತಟ್ಟುತ್ತೇನೆ.

ಅಷ್ಟರಲ್ಲಿ ಪೋಲೆಂಡಿನ ಒಬ್ಬ ಆಸಾಮಿ, ನಿನ್ನಿಂದ ಉತ್ತರ ಬಾರದೆ, ಲೆವೆಲ್ಲಿನ ಜೊತೆ ನೀನು ಹಾಕಿದ್ದ ನನ್ನ ವಿಳಾಸಕ್ಕೆ ಮೇಲ್ ಮಾಡಿದ. ಅವನೂ ಅವನ ಗೆಳೆಯರೂ ಸೇರಿ ಆ ಹಳೆಯ ಆಟಕ್ಕೆ ಜನ ಕಟ್ಟಿದ ಒಳ್ಳೊಳ್ಳೆಯ ಲೆವೆಲ್ಲುಗಳನ್ನೆಲ್ಲ ಆರಿಸಿ ಒಂದು ದೊಡ್ಡ ಕಟ್ಟು ಮಾಡುತ್ತಿದ್ದಾರೆ. ಹುಳುಮನೆ ಅವರಿಗೆ ತುಂಬ ಇಷ್ಟ, ಕೊನೆಯ ಬಾಗಿಲೊಂದು ಬಿಟ್ಟು. ಬಾಗಿಲ ಪಕ್ಕ ಒಂದು ಹಿಡಿ ಇಡುತ್ತೇವೆ, ಎಳೆದರೆ ತೆರೆಯುವ ಹಾಗೆ ಮಾಡುತ್ತೇವೆ, ಕಟ್ಟಿದವನ ಒಪ್ಪಿಗೆ ಕೊಡಿಸು ಎಂದು ಕೇಳಿದ. ಒಪ್ಪಿಗೆ ಸಿಗದಿದ್ದರೆ ಕೆಟ್ಟ ಬಾಗಿಲಿನ ಲೆವೆಲ್ಲು ಕಟ್ಟಿನಲ್ಲಿ ಬೇಡ ಎಂಬುದು ಅವರ ತೀರ್ಮಾನ. ನೀನು ಬರೆದ ಆಜ್ಞೆಗಳನ್ನು ಬಿಚ್ಚಿ ನೋಡಿದ್ದನಂತೆ, ನಡುನಡುವೆ ನೀನಿಟ್ಟ ಕನ್ನಡದ ಹೆಸರುಗಳು ಅರ್ಥವಾಗದೆ ನನ್ನನ್ನು ಕೇಳಿದ. ನಾನು ಒಂದೊಂದೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಜ್ವರ, ಎದ್ದವು, ಹಣ್ಣು. ಅವನಿಗೆ ಅದು ಆಸ್ಪತ್ರೆಯ ಪಥ್ಯದಂತೆ ಕಂಡಿರಬೇಕು. ಇದಕ್ಕೆ ತಲೆಬುಡವಿಲ್ಲ, ಹಿಡಿ ಇಡುವುದೇ ವಾಸಿ ಎಂದ. ನನಗೂ ಹಾಗೇ ಅನ್ನಿಸಿತು.

ಅಲ್ಲಿಂದ ಶುರುವಾಯಿತು ನನ್ನ ಕಾಟ. ಫೋನು, ಮೆಸೇಜು, ಅನೀಸನ ಫೋನಿಂದ ಒಂದು, ಅಬ್ಬಾನ ಫೋನಿಂದ ಇನ್ನೊಂದು. ನನ್ನ ತಮ್ಮ ಅನೀಸ್ ಕೊನೆಗೆ ಫೋನನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡು ಓಡಾಡುವ ಹಾಗಾಯಿತು. ನಿಜ ಹೇಳಲಾ? ಬಾಗಿಲಿಗೆ ಹಿಡಿ ಇದ್ದರೇನು, ಇಲ್ಲದಿದ್ದರೇನು. ನಿನ್ನ ಬಾಯಿಂದ ಹೂಂ ಎಂದೋ ಊಹೂಂ ಎಂದೋ ಒಂದು ಮಾತು ಹೊರಗೆ ಬರಬೇಕಿತ್ತು. ಬೈದಿದ್ದರೂ ಸಾಕಿತ್ತು. ಬಂದಿದ್ದರೆ ನಾನು ಆವತ್ತು ಬಿರಿಯಾನಿ ಮಾಡುತ್ತಿದ್ದೆ.

ಹೋದ ವಾರ ತಡೆಯಲಾರದೆ ಗಾಡಿ ಎತ್ತಿಕೊಂಡು ನಿಮ್ಮೂರಿಗೇ ಬಂದೆ. ನಿನಗೆ ಗೊತ್ತಿರಬೇಕು, ಅಷ್ಟು ಗಲಾಟೆ ಮಾಡಿದೆನಲ್ಲ. ಬೇಲಿಯಿಂದಲೇ ಹಾರ್ನು ಹಾಕಿದೆ. ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿದೆ. ಅಟ್ಟದ ಶೀಟಿಗೆ ಕಲ್ಲು ಎಸೆದೆ. ಕೊನೆಗೆ ಏಣಿಗೆ ಕಾಲಿಟ್ಟೆ. ಆಗ ನಿನ್ನ ದೊಡ್ಡಮ್ಮ, ಚಂದ್ರಿಕೆ ಕೊಡವುತ್ತಿದ್ದವರು, ಎದ್ದು ಬಂದು ಹಿಂದಿನಿಂದ ನನ್ನ ಕೈ ಹಿಡಿದರು. ತಂಗಿ ಹೋದ ಮೇಲೆ ಹುಳ ಬಿಡಬಾರದೆಂದು ತಮ್ಮ ಊರು ಬಿಟ್ಟು ಬಂದು ನಿಂತಿರುವ ದೊಡ್ಡಲಕ್ಷ್ಮಮ್ಮನವರ ಕೈ ಎಷ್ಟು ಗಟ್ಟಿ ಎಂದು ನನಗೆ ಅವತ್ತು ತಿಳಿಯಿತು.

"ಬ್ಯಾಡ ಕಣವ್ವ, ಇಳಿ. ಜ್ವರಕ್ಕೆ ಕೂತವ್ನೆ ಅವ್ನು."

ಎಷ್ಟಿದೆ ಜ್ವರ, ಡಾಕ್ಟರಿಗೆ ತೋರಿಸಿದಿರಾ, ಮಾತ್ರೆ ಕೊಟ್ಟಿರಾ, ಈಗಲೇ ರಾಮನಗರಕ್ಕೆ ಕರೆದುಕೊಂಡು ಹೋಗುತ್ತೇನೆ, ಗಾಡಿ ಇದೆ ಎಂದು ಒಂದೇ ಉಸಿರಿಗೆ ಬಡಬಡಿಸಿದೆ. ದೊಡ್ಡಮ್ಮ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. ಸಾವಾದ ಮನೆಯಲ್ಲಿ ಬಹಳ ದಿನದ ಮೇಲೆ ನಕ್ಕ ನಗು ಅದು ಎಂದು ಅವರೇ ಆಮೇಲೆ ಹೇಳಿದರು. ರೀಲರ ಮನೆ ಮಗಳಿಗೆ ಇಷ್ಟೂ ಗೊತ್ತಿಲ್ಲವಾ ಎಂದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಕೈಕಾಲು ತೊಳೆಸಿದರು. ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು ಸೆಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡರು. ನಿಮ್ಮವ್ವ ನಿಲ್ಲಿಸಿದ್ದ ಆ ಹೊಸ್ತಿಲು ದಾಟಿಸಿ ಒಳಗೆ ಬಿಟ್ಟರು.

ಒಳಗೆ ಸದ್ದೇ ಇರಲಿಲ್ಲ. ನಾನು ಆಟದಲ್ಲಿ ಕೇಳಿದ್ದ ಚರಚರ ಅಲ್ಲಿರುತ್ತದೆ ಎಂದುಕೊಂಡಿದ್ದೆ. ಹಾಸಿನ ಮೇಲೆ ಹಾಸು, ಮೇಲೆ ತೆಳ್ಳಗೆ ಸುಣ್ಣದ ಪುಡಿ, ಅದರ ಕೆಳಗೆ ಸಾವಿರಾರು ಹುಳಗಳು ತಲೆಯನ್ನು ಮೇಲಕ್ಕೆತ್ತಿಕೊಂಡು, ಒಂದೂ ಅಲ್ಲಾಡದೆ ಕೂತಿದ್ದವು. ಕಾಲಿದ್ದವು ಯೋಗಿ, ಅವತ್ತು ನೋಡಿದೆ.

ದೊಡ್ಡಮ್ಮ ದನಿ ತಗ್ಗಿಸಿ ಹೇಳಿದರು. "ಇದೇ ಕಣವ್ವ ಜ್ವರ ಅಂದ್ರೆ. ನಾಕ್ನೇ ಜ್ವರ. ಮೇವು ಮುಟ್ಟಾಕಿಲ್ಲ, ಅಲ್ಲಾಡಾಕಿಲ್ಲ. ನೋಡ್ದೋರು ಸತ್ತೋದೋ ಅಂತಾರೆ. ಸತ್ತಿಲ್ಲ, ಹಳೇ ಪೊರೆ ಬುಡ್ತಾ ಅವೆ. ಈಗ ತಡವುದ್ರೆ ಕೆಟ್ಟೋಯ್ತವೆ. ಸುಮ್ಕೆ ಬುಟ್ರೆ ತಾವೇ ಏಳ್ತವೆ, ಎದ್ದು ಮೇಯ್ತವೆ, ಹಣ್ಣಾಯ್ತವೆ, ಗೂಡು ಕಟ್ತವೆ." ಆಮೇಲೆ ಮೇಲಿನ ಅಟ್ಟದ ಕಡೆ ಗದ್ದ ಎತ್ತಿ ತೋರಿಸಿದರು. "ಅವ್ನೂ ಅಂಗೇಯ. ಇಕ್ಕಿದ್ದ ಉಣ್ತಾನೆ, ವತ್ತಾರೆಗೇ ಎದ್ದು ಸೊಪ್ಪು ಕುಯ್ದಾಕ್ತಾನೆ. ಮಾತೊಂದಿಲ್ಲ. ಅವ್ವನ ಪೊರೆ, ಬುಡಾಕೆ ಒಸಿ ಹೊತ್ತಾಯ್ತದೆ."

ವಾಪಸು ಬರುವಾಗ ಗಾಡಿ ಯಾವ ದಾರಿಯಲ್ಲಿ ಬಂತೋ ನೆನಪಿಲ್ಲ. ಜ್ವರ, ಎದ್ದವು, ಹಣ್ಣು. ತಲೆಯೊಳಗೆ ಆ ಮೂರು ಮಾತು ತಿರುಗುತ್ತಿದ್ದವು. ಹುಟ್ಟಿದಾಗಿನಿಂದ ಗೂಡಿನ ನಡುವೆಯೇ ಬೆಳೆದವಳು ನಾನು, ಬೆಂದ ಗೂಡಿನ ವಾಸನೆ ನನ್ನ ಕೂದಲಿಗೂ ಹತ್ತಿದೆ. ಆದರೆ ಗೂಡಿಗೆ ಮುಂಚೆ ಏನಾಗುತ್ತದೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಜ್ವರ ಎಂದರೆ ನಮ್ಮ ಮನೆಯಲ್ಲಿ ಮಾತ್ರೆ, ಕಷಾಯ, ಒದ್ದೆಬಟ್ಟೆ. ಪೋಲೆಂಡಿನವನಿಗೆ ನಾನು ಹೇಳಿಕೊಟ್ಟದ್ದೂ ಅದೇ ಜ್ವರ.

ಭಾನುವಾರ ಮಧ್ಯಾಹ್ನ ಹುಳುಮನೆ ತೆರೆದು ಕೂತೆ. ಮೊದಲ ಸುತ್ತಿನಿಂದಲೇ ಕೋಲು ಎತ್ತಬಾರದೆಂದು ತೀರ್ಮಾನ ಮಾಡಿದ್ದೆ. ಸದ್ದು ನಿಂತಿತು, ರಾಕ್ಷಸರು ತಲೆ ಎತ್ತಿ ನಿಂತರು, ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ. ನಗಬೇಡ. ಬೇರೆ ದಾರಿಯಿರಲಿಲ್ಲ. ಬೆರಳು ತುರಿಸಿತು, ಮೂಗು ತುರಿಸಿತು, ಇಲ್ಲದ ಬಾಯಾರಿಕೆ ಬಂತು. ಆಗ ಎಲ್ಲೋ ಒಂದು ಎಲೆ ಕಚ್ಚಿದ ಸದ್ದು. ಆಮೇಲೆ ಇನ್ನೊಂದು. ರಾಕ್ಷಸರು ಒಬ್ಬೊಬ್ಬರೇ ಮೈ ಕೊಡವಿ ಎದ್ದರು, ಮೊದಲಿಗಿಂತ ಬಿಳುಪಾಗಿದ್ದರು, ನನ್ನ ಪಕ್ಕದಲ್ಲೇ ಹಾದು ತಮ್ಮ ಪಾಡಿಗೆ ಮೇಯಲು ಹೋದರು. ದಾರಿ ತಾನಾಗಿ ತೆರೆದಿತ್ತು. ನಾನು ಇಷ್ಟು ವರ್ಷ ಕಾದಾಡಿ ದಾಟುತ್ತಿದ್ದ ಸುತ್ತಿನಲ್ಲಿ ಅವತ್ತು ನನ್ನ ಮೇಲೆ ಒಂದು ಗೀರೂ ಬೀಳಲಿಲ್ಲ.

ಒಂದೊಂದು ಸುತ್ತಿಗೂ ಕಾಯುವುದು ಹೆಚ್ಚುತ್ತ ಹೋಯಿತು. ನಾಲ್ಕನೆಯದರಲ್ಲಿ ಕಂಪ್ಯೂಟರೇ ನಿಂತುಹೋಯಿತೇನೋ ಎಂದುಕೊಂಡೆ. ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಅನೀಸ್ ಇಣುಕಿ ನೋಡಿ, ಹೊಡಿಯೇ ಅಕ್ಕ, ಸುಮ್ಮನೆ ನಿಂತಿದ್ದಾರೆ ಎಂದ. ಅವನನ್ನು ಹೊರಗೆ ಅಟ್ಟಿದೆ. ಮಾಡುವುದಕ್ಕೇನೂ ಇಲ್ಲದೆ ಆ ರಾಕ್ಷಸರ ಮುಖ ನೋಡುತ್ತ ಕೂತೆ. ಇಷ್ಟು ಸಲ ಕೊಂದಿದ್ದೇನೆ, ಒಂದು ಸಲವೂ ಮುಖ ನೋಡಿರಲಿಲ್ಲ. ನಿನ್ನ ನೆನಪು ಬಂತು. ಏಣಿಯ ತುದಿಯಲ್ಲಿ ಅಟ್ಟದ ಬಾಯಿ ಮುಚ್ಚಿದ್ದ ಹಲಗೆ ನೆನಪು ಬಂತು. ಅಳು ಬಂತು, ಅತ್ತೆ. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ರಾಕ್ಷಸರೆಲ್ಲ ಎದ್ದು ಗೋಡೆ ಹತ್ತುತ್ತಿದ್ದರು, ಚಂದ್ರಿಕೆಯ ಸುರುಳಿಯ ಒಂದೊಂದು ಸಂದಿಯಲ್ಲಿ ಒಬ್ಬೊಬ್ಬರು ಕೂತು ಹಳದಿ ಗೂಡಾದರು. ನಡುವಿನ ಬಾಗಿಲು ಸದ್ದಿಲ್ಲದೆ ತೆರೆದಿತ್ತು.

ಒಳಗೆ ಚಿಕ್ಕ ಕೋಣೆ, ಒಂದು ಕಲ್ಲಿನ ಜಗಲಿ, ಕಿಟಕಿಯಲ್ಲಿ ರಾಮದೇವರ ಬೆಟ್ಟ. ಅಷ್ಟೇ. ನಿಧಿಯಿಲ್ಲ, ಕಿರೀಟವಿಲ್ಲ, ಭೇಷ್ ಎನ್ನುವ ಒಂದು ಸಾಲೂ ಇಲ್ಲ. ಇಷ್ಟಕ್ಕಾ ಎಂದು ರೇಗಿತು. ಆ ಸಿಟ್ಟಿನಲ್ಲೇ ಕರಾರು ಮುರಿದು ನಿನ್ನ ಅಡುಗೆಮನೆಗೆ ಬಂದೆ, ನೀನು ಕಟ್ಟಿದ ಕಡತ ತೆರೆದೆ. ಇಬ್ಬರು ಸೇರಿ ಆಡುವುದಾದರೆ ಒಬ್ಬೊಬ್ಬರು ಎಲ್ಲಿಂದ ಶುರುಮಾಡಬೇಕು ಎಂದು ಬಾಣದ ಗುರುತು ಇಡುತ್ತೀರಲ್ಲ, ಅದನ್ನು ನೋಡಿದೆ. ಒಂದನೆಯ ಬಾಣ ಹೆಬ್ಬಾಗಿಲಿನಲ್ಲಿ, ನಾನು ಯಾವಾಗಲೂ ಶುರುಮಾಡುವ ಜಾಗ. ಎರಡನೆಯದು ಆ ಕೊನೆಯ ಕೋಣೆಯೊಳಗೆ, ಜಗಲಿಯ ಮೇಲೆ, ಬಾಗಿಲ ಕಡೆಗೆ ಮುಖ ಮಾಡಿ.

ಅಂದರೆ ನೀನು ಈ ಲೆವೆಲ್ಲನ್ನು ಇಬ್ಬರಿಗೆಂದು ಕಟ್ಟಿದ್ದೆ. ಒಬ್ಬಳು ನಾಲ್ಕು ಸುತ್ತು ದಾಟಿ ಬರಬೇಕು. ಇನ್ನೊಬ್ಬ ಮೊದಲಿಂದಲೂ ಒಳಗೇ ಕೂತಿರಬೇಕು. ಅವನಿಗೆ ಒಳಗೆ ಮಾಡುವುದಕ್ಕೆ ಏನೂ ಇಲ್ಲ, ಗೋಡೆಯಾಚೆ ಅವಳು ಬರುವ ಸದ್ದು ಕೇಳುತ್ತ ಇರಬೇಕು. ಅವಳು ಒಂದು ಸಲ ಹೊಡೆದರೆ ಸಾಕು, ಆ ಬಾಗಿಲು ಇಬ್ಬರಿಗೂ ಮುಚ್ಚಿಹೋಗುತ್ತದೆ. ಇದನ್ನು ನೀನು ಬಾಯಿಬಿಟ್ಟು ಹೇಳಬಹುದಿತ್ತು ಯೋಗಿ. ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಪೋಲೆಂಡಿನವನಿಗೆ ಬರೆದೆ, ಬಾಗಿಲು ಕೆಟ್ಟಿಲ್ಲ, ಕೋಲು ಎತ್ತದೆ ಸುಮ್ಮನೆ ಕಾಯುತ್ತಿರು ಎಂದು. ಮರುದಿನ ಉತ್ತರ ಬಂತು. ಕಾದು ಕಾದು ಬೇಸತ್ತು ಚಹಾ ಮಾಡಿಕೊಳ್ಳಲು ಎದ್ದು ಹೋಗಿದ್ದನಂತೆ, ಬಂದು ನೋಡಿದರೆ ಬಾಗಿಲು ತೆರೆದಿತ್ತಂತೆ. ಒಳಗೆ ಹೋಗಿ ಜಗಲಿಯ ಮುಂದೆ ನಿಂತು ಆ ಚಹಾ ಪೂರ್ತಿ ಕುಡಿದೆ ಎಂದು ಬರೆದಿದ್ದಾನೆ. ಹಿಡಿ ಬೇಡ, ಇದ್ದ ಹಾಗೇ ಇರಲಿ ಎನ್ನುತ್ತಾನೆ. ಜ್ವರ ಎಂದರೆ ಹಾಗಾದರೆ ಏನು ಎಂದು ಮತ್ತೆ ಕೇಳಿದ್ದಾನೆ. ರೇಷ್ಮೆ ಇಲಾಖೆಯವರ ಪುಸ್ತಕದಲ್ಲಿ ಅದಕ್ಕೊಂದು ಇಂಗ್ಲಿಷ್ ಪದವಿದೆ, ಆದರೆ ಆ ಪದದಲ್ಲಿ ನಿನ್ನ ದೊಡ್ಡಮ್ಮ ನನ್ನ ಕೈ ಹಿಡಿದು ಏಣಿಯಿಂದ ಇಳಿಸಿದ್ದು ಇಲ್ಲ. ಏನು ಬರೆಯಲೆಂದು ತಿಳಿಯದೆ ಇನ್ನೂ ಉತ್ತರ ಕೊಟ್ಟಿಲ್ಲ. ಕಟ್ಟಿದವನ ಒಪ್ಪಿಗೆ ಮಾತ್ರ ಬೇಕೇ ಬೇಕಂತೆ, ತಿಂಗಳ ಕೊನೆಗೆ ಅವರ ಕಟ್ಟು ಮುಚ್ಚುತ್ತದಂತೆ. ಮುಚ್ಚಿಕೊಳ್ಳಲಿ. ಅದಕ್ಕಾಗಿ ನಿನ್ನನ್ನು ಇನ್ನು ಎಬ್ಬಿಸುವುದಿಲ್ಲ.

ಇನ್ನು ಫೋನು ಮಾಡುವುದಿಲ್ಲ. ಶೀಟಿಗೆ ಕಲ್ಲು ಎಸೆಯುವುದಿಲ್ಲ. ಈ ಕಾಗದ ಕೊಡಲು ಬರುವಾಗ ಗಾಡಿಯನ್ನು ಬೇಲಿಯಾಚೆಯೇ ನಿಲ್ಲಿಸಿ ನಡೆದು ಬರುತ್ತೇನೆ. ಸೆಂಟು ಹಾಕಿಕೊಂಡಿರುವುದಿಲ್ಲ. ಇದೆಲ್ಲ ನನಗೆ ಸುಲಭ ಎಂದುಕೊಳ್ಳಬೇಡ, ಬರೆಯುತ್ತಿರುವಾಗಲೇ ಎದ್ದು ಓಡಿ ಬರಬೇಕೆನ್ನಿಸುತ್ತಿದೆ. ನೀನು ಹೇಗಿದ್ದೀಯೋ ಎಂಬ ಚಡಪಡಿಕೆ ನನಗೆ ಇದ್ದೇ ಇರುತ್ತದೆ. ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ, ನಿನ್ನ ಏಣಿಯ ಮೇಲೆ ಹತ್ತಿಸುವುದಿಲ್ಲ.

ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹುಳುಮನೆಯನ್ನು ಇಬ್ಬರ ಆಟವಾಗಿ ತೆರೆದಿಟ್ಟಿದ್ದೇನೆ. ಸೇರಿಕೊಳ್ಳುವುದು ಹೇಗೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ಆರಿಸಿದರೆ ಕೈ ಮುರಿಯುತ್ತೇನೆಂದು ಅನೀಸನಿಗೆ ಹೇಳಿದ್ದೇನೆ. ಕೆಲಸದಿಂದ ಬಂದು ಕೈಕಾಲು ತೊಳೆದು ನಾನು ಅಲ್ಲೇ ನಾಲ್ಕನೆಯ ಸುತ್ತಿನಲ್ಲಿ, ಜ್ವರಕ್ಕೆ ಕೂತವರ ನಡುವೆ, ಕೋಲು ಎತ್ತದೆ ಕೂತಿರುತ್ತೇನೆ. ಬಾಗಿಲು ತೆರೆದರೂ ಒಳಗೆ ನುಗ್ಗುವುದಿಲ್ಲ. ನೀನು ಯಾವತ್ತು ಬಂದರೂ ಜಗಲಿಯ ಮೇಲೆ ಕಣ್ಣು ಬಿಡುತ್ತೀಯ. ಮಾತಾಡಬೇಕೆಂದಿಲ್ಲ. ಹೊಸ್ತಿಲವರೆಗೆ ನಡೆದು ಬಾ, ಸಾಕು. ಕೆಂಗಲ್ಲಿನ ಬಸ್ಸಿನಾಣೆ, ಈ ಸಲ ಮುಂದಿನ ಸ್ಟಾಪಿಗೆ ನಡೆದು ಹೋಗುವುದಿಲ್ಲ.

ತಣ್ಣಗಿರು ಯೋಗಿ. ಎದ್ದಾಗ ಬಾ.

ಬಾಗಿಲ ಈಚೆ ಕೂತಿರುವ,
ಫಿರೋಜಾ